ದೊಡ್ಡಮೇಸ್ತ್ರಿಯ ಪರೀಕ್ಷೆ

ಅಪ್ಪನ ಕಿವಿಯ ಹಿಂದೆ ಅಂಟಿದ್ದ ಸಿಮೆಂಟು ಎಷ್ಟು ಉಜ್ಜಿದರೂ ಬಿಡುತ್ತಿರಲಿಲ್ಲ. ಮಗ ಒದ್ದೆ ಬಟ್ಟೆ ಪಕ್ಕಕ್ಕಿಟ್ಟು ಉಗುರಿನಿಂದ ಕೆರೆದ. ಒಂದು ಚೂರು ಎದ್ದು ಬಂತು; ಅದರ ಜೊತೆ ನಾಲ್ಕು ಬಿಳಿಕೂದಲೂ ಬಂದವು.

“ಮೆತ್ತಗೆ ಕಣೋ,” ಎಂದಳು ತಾಯಿ. “ನೋವಾಗುತ್ತೆ ಅವರಿಗೆ.”

ಅವಳನ್ನು ತಿದ್ದುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಕಾಲ ಬಳಿ ಕೂತಿದ್ದ ಮುದಿ ಬಡಗಿ, ಸತ್ತವನ ಜೊತೆ ಮೀಸೆ ಚಿಗುರಿದ ದಿನದಿಂದ ದುಡಿದವನು, ಬಕೆಟ್ಟಿನ ನೀರು ಇನ್ನೂ ತಿಳಿಯಾಗಿದ್ದರೂ ಚೆಲ್ಲಿ ಬರುತ್ತೇನೆಂದು ಎದ್ದು ಹೋದ.

ಸತ್ತವನನ್ನು ಕಂಪನಿಯಲ್ಲಿ ಎಲ್ಲರೂ ದೊಡ್ಡಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಟ್ಟಡ ಕಟ್ಟುವ ಆ ಕಂಪನಿಯಲ್ಲಿ ಅವನಿಗಿಂತ ದೊಡ್ಡ ಸಂಬಳದವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಮುಕ್ಕಾಲು ಪಾಲು ಅವನ ಕೈಯಲ್ಲಿ ಬೈಸಿಕೊಂಡೇ ಮೇಲೆ ಹೋದವರು. ವರ್ಷಕ್ಕೊಮ್ಮೆ ಕಂಪನಿಯವರು ಹೊಸ ಇಂಜಿನಿಯರುಗಳಲ್ಲಿ ಚುರುಕಾದವರನ್ನು ಆರಿಸಿ, ಅಂಗಿಗೆ ‘ನಾಳಿನ ಮುಂದಾಳು’ ಎಂಬ ಬ್ಯಾಡ್ಜು ಚುಚ್ಚಿ, ಅವನ ವಶಕ್ಕೆ ಕೊಡುತ್ತಿದ್ದರು. ಅವನು ಅವರನ್ನು ಬಿಸಿಲಲ್ಲಿ ಒಣಗಿಸಿ, ಧೂಳಲ್ಲಿ ಹೊರಳಿಸಿ, ಕಡೆಗೆ ಒಂದು ದಿನ ಇಡೀ ಸೈಟನ್ನು ಅವರ ಕೈಗೆ ಕೊಟ್ಟು, “ಇವತ್ತು ಸ್ಲ್ಯಾಬು ನಿಂದು. ಕಾಂಕ್ರೀಟು ಹಾಕಿ ಅಂತ ನೀನೇ ಹೇಳ್ಬೇಕು” ಎನ್ನುತ್ತಿದ್ದ. ಆ ಒಂದು ಮಾತನ್ನು ಸರಿಯಾಗಿ ಹೇಳಿದವರು ಮುಂದಾಳುಗಳಾದರು. ಉಳಿದವರು ಬ್ಯಾಡ್ಜು ಬಿಚ್ಚಿಟ್ಟು ಹೋದರು.

ಮೊನ್ನೆ ಮಧ್ಯಾಹ್ನ ಅಂಥದೇ ಒಂದು ಸ್ಲ್ಯಾಬಿನ ಮೂಲೆ ಕುಸಿದು ಅವನ ಮೇಲೆ ಬಿದ್ದಿತ್ತು. ಹಸಿ ಕಾಂಕ್ರೀಟಿನ ಅಡಿಯಿಂದ ಎಳೆದು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಳಗೆ ಅವನನ್ನು ಬಿಟ್ಟು ಇನ್ಯಾರೂ ಇರಲಿಲ್ಲ. ಹಾಕಿ ಎಂದು ಹೇಳಿದವಳು ಈ ವರ್ಷದ ಬ್ಯಾಡ್ಜಿನ ಹುಡುಗಿ. ಅದು ಅವಳ ಮೊದಲ ಅಪ್ಪಣೆ.

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಕಂಪನಿಯ ಮ್ಯಾನೇಜರು ತೊಟ್ಟಿಲಗಲದ ಹೂವಿನ ಚಕ್ರ ಹಿಡಿದು ಬಂದ. ಅದು ಬಾಗಿಲಲ್ಲಿ ಹಿಡಿಸದೆ ಓರೆ ಮಾಡಿ ನೂಕಬೇಕಾಯಿತು.

“ಅಮ್ಮಾ, ದೊಡ್ಡಮೇಸ್ತ್ರಿ ನಮ್ಮ ಕಂಪನಿ ಬೆನ್ನೆಲುಬು,” ಎಂದ. “ಹೊಸ ಟ್ರೇನಿಂಗ್ ಹಾಲ್‌ಗೆ ಅವರದೇ ಹೆಸರಿಡ್ತೀವಿ. ಗೋಡೆ ಮೇಲೆ ಆಳೆತ್ತರದ ಫೋಟೋ. ಮುಂದೆ ಬರೋ ಮಕ್ಕಳು ದಿನಾ ನೋಡ್ಬೇಕು.”

ಇದೇ ಮ್ಯಾನೇಜರು ದೊಡ್ಡಮೇಸ್ತ್ರಿಗೆ ಸೈಟಿನ ಆಫೀಸಿನಲ್ಲಿ ಕೂರಲು ಒಂದು ಕುರ್ಚಿಯನ್ನೂ ಕೊಟ್ಟವನಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಆದರೆ ತಾಯಿಗೆ ಆ ಮಾತು ಮನಸ್ಸಿಗೆ ನಾಟಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಹೆಸರೊಂದು ಉಳಿದ್ರೆ ಸಾಕಪ್ಪ. ಇನ್ನೇನು ಉಳಿದಿದೆ ನಂಗೆ” ಎಂದಳು.

“ಆ ಹುಡುಗೀದು ಏನಾಯ್ತು?” ಎಂದು ಕೇಳಿದ ಮಗ.

“ಸಾಯಂಕಾಲ ಇನ್ಸ್‌ಪೆಕ್ಟರು ಸೈಟಿಗೆ ಬರ್ತಾರೆ. ಅವಳು ಸರಿಯಾಗಿ ನೋಡ್ದೆ ಹಾಕ್ಸಿದಾಳೆ, ತಾನೇ ಒಪ್ಕೊಂಡಿದಾಳೆ. ಕೇಸಾಗುತ್ತೆ. ಜೈಲೂ ಆಗ್ಬಹುದು. ಅದರಲ್ಲಿ ಕಂಪನಿ ಮಧ್ಯೆ ಬರಲ್ಲ.” ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿ ಮುಗಿಸಿದ.

ಆ ಹುಡುಗಿ ಬೆಳಿಗ್ಗೆಯಿಂದ ಗೇಟಿನ ಹೊರಗೇ ನಿಂತಿದ್ದಳು. ಸೈಟಿನಲ್ಲಿ ಅವಳನ್ನು ಟಾರ್ಚಮ್ಮ ಎಂದು ಗೇಲಿ ಮಾಡುತ್ತಿದ್ದರಂತೆ. ನಡುಮಧ್ಯಾಹ್ನವೂ ಟಾರ್ಚು ಹಿಡಿದುಕೊಂಡು ಸಂದುಗೊಂದೆಲ್ಲ ಇಣುಕುವವಳು. ಇವತ್ತು ಕೈಯಲ್ಲಿ ಏನೂ ಇರಲಿಲ್ಲ. ಬಂದವರು ಅವಳನ್ನು ಸುತ್ತಿ ಹಾದು ಒಳಗೆ ಬರುತ್ತಿದ್ದರು. ಪಕ್ಕದ ಮನೆಯ ಹೆಂಗಸು, “ಕೊಂದವಳೇ ಮಣ್ಣಿಗೆ ಬಂದಿದಾಳೆ ನೋಡಿ, ನಾಚಿಕೆ ಬೇಡ್ವಾ” ಎಂದು ಅವಳಿಗೆ ಕೇಳುವ ಹಾಗೆಯೇ ಹೇಳಿದಳು.

“ಅವಳು ಈ ಹೊಸ್ತಿಲು ದಾಟಿದ್ರೆ ನಾನು ಬದುಕಿರಲ್ಲ,” ಎಂದಳು ತಾಯಿ.

ಮಗ ಕಿಟಕಿಯಿಂದ ನೋಡಿದ. ಹುಡುಗಿ ತನ್ನ ಎರಡು ಅಂಗೈಗಳನ್ನು ಮುಂದೆ ಚಾಚಿಕೊಂಡು, ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತಿದ್ದಳು. ಹಾಗೆ ನಿಲ್ಲುವುದು ಹೇಗಿರುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

*

ಅವನೂ ಒಂದು ಕಾಲಕ್ಕೆ ಆ ಬ್ಯಾಡ್ಜು ಚುಚ್ಚಿಕೊಂಡವನೇ. ದೊಡ್ಡಮೇಸ್ತ್ರಿಯ ಮಗ ಎಂದು ಕೂಲಿಯವರೆಲ್ಲ ಪ್ರೀತಿಯಿಂದ ಮರಿಮೇಸ್ತ್ರಿ ಎನ್ನುತ್ತಿದ್ದರು. ಅಪ್ಪ ಮಾತ್ರ ಸೈಟಿನಲ್ಲಿ ಒಂದು ದಿನವೂ ಮಗನೇ ಎಂದು ಕರೆದವನಲ್ಲ.

ಅವನ ಸ್ಲ್ಯಾಬಿನ ದಿನ, ಹಲಗೆಗಳ ಕೆಳಗೆ ಆಸರೆ ನಿಲ್ಲಿಸಿದ್ದ ಜಾಕಿಗಳನ್ನೆಲ್ಲ, ಆ ಕಬ್ಬಿಣದ ಕಂಬಗಳನ್ನು ಒಂದೊಂದಾಗಿ, ಕೈಯಿಂದ ಅಲ್ಲಾಡಿಸಿ ನೋಡಿದ. ಒಂದೂ ಮಿಸುಕಲಿಲ್ಲ. ಮೇಲೆ ಬಂದು ಎದೆಯುಬ್ಬಿಸಿ, “ಎಲ್ಲ ಗಟ್ಟಿಯಾಗಿದೆ. ಹಾಕಿ!” ಎಂದ. ಪಂಪು ಗುಡುಗುಡು ಎಂದು ಶುರುವಾಗುವಷ್ಟರಲ್ಲಿ ಅಪ್ಪ ಕೈ ಎತ್ತಿ ನಿಲ್ಲಿಸಿದ. ಮಗನ ಕಾಲರ್ ಹಿಡಿದು ಕೆಳಗೆ ಕರೆದೊಯ್ದ. ಮೆಟ್ಟಿಲ ಪಕ್ಕದ ಒಂದು ಜಾಕಿಯನ್ನು ಬೂಟುಗಾಲಿನಿಂದ ತಟ್ಟಿದ. ಅದು ಠಣ್ಣೆಂದು ಉರುಳಿತು.

“ಇದೇನಾ ನಿನ್ನ ಗಟ್ಟಿ?” ಅಪ್ಪನ ದನಿ ಸೈಟಿಗೆಲ್ಲ ಕೇಳುತ್ತಿತ್ತು. “ಮೇಲೆ ಅಷ್ಟು ಜನ ನಿಂತಿದಾರೆ. ಅವರ ಹೆಂಡ್ತಿ ಮಕ್ಕಳ ಮುಂದೆ ಹೋಗಿ ನೀನು ನಿಲ್ತೀಯಾ? ಕೊಲೆಗಾರನ್ನ ಹುಟ್ಟಿಸಿದೆನಲ್ಲೋ ನಾನು!”

ಅವನು ಹೆಲ್ಮೆಟ್ಟು ತೆಗೆದು ಮರಳಿನ ರಾಶಿಯ ಮೇಲಿಟ್ಟು ನಡೆದುಬಿಟ್ಟ. ಆಮೇಲೆ ಬಸ್ಸಿನ ಡ್ರೈವರಾದ, ಬೇರೆ ಮನೆ ಮಾಡಿದ. ಎಂದಾದರೂ ಹಬ್ಬ ಹರಿದಿನಕ್ಕೆ ಬಂದರೆ ಅಪ್ಪ ಪೇಪರು ಹಿಡಿಯುತ್ತಿದ್ದ, ಮಗ ಅಡುಗೆಮನೆಯಲ್ಲಿ ಕೂರುತ್ತಿದ್ದ. ಡಿಪೋದಲ್ಲಿ ಬಸ್ಸು ಹೊರಡಿಸುವ ಮುನ್ನ ಅವನು ಎರಡು ಸುತ್ತು ಹಾಕಿ ಟೈರು ಒದ್ದು ನೋಡುವುದನ್ನು ಕಂಡು ಕಂಡಕ್ಟರು, “ಏನ್ ಸಾರ್, ಪ್ರದಕ್ಷಿಣೆ ಮುಗೀತಾ?” ಎಂದು ನಗುತ್ತಿದ್ದ. ಅವನಿಗೆ ನಗು ಬರುತ್ತಿರಲಿಲ್ಲ. ಮೆಟ್ಟಿಲ ಪಕ್ಕದ ಆ ಜಾಕಿಯನ್ನು ತಾನು ಅಲ್ಲಾಡಿಸಿದ್ದು, ಅದು ಬಂಡೆಯಂತೆ ನಿಂತಿದ್ದು ಕೈಗೆ ಇನ್ನೂ ನೆನಪಿತ್ತು. ಹಾಗಿದ್ದೂ ಅದು ಬಿತ್ತು. ತನ್ನ ಕೈಯನ್ನೇ ನಂಬದ ಹಾಗೆ ಅವನು ಅಷ್ಟು ವರ್ಷ ಬದುಕಿದ.

*

“ಮರಿಮೇಸ್ತ್ರೀ, ಹಿತ್ತಲಿಗೆ ಸ್ವಲ್ಪ ಬಾ,” ಎಂದ ಬಡಗಿ.

ಹಿತ್ತಲಲ್ಲಿ ಪೆಟ್ಟಿಗೆ ಸಿದ್ಧವಾಗಿತ್ತು. ರಾತ್ರಿಯಿಡೀ ಕೂತು ಬಡಗಿಯೇ ಮಾಡಿದ್ದ. ಅದರ ಅಂಚಿಗೆ ಸುಮ್ಮನೆ ಮರಳುಕಾಗದ ತಿಕ್ಕುತ್ತ, ತಲೆ ಎತ್ತದೆ ಮಾತಾಡಿದ.

“ಆ ಹುಡುಗಿ ಸರಿಯಾಗೇ ನೋಡಿದ್ಲು ಕಣಪ್ಪ. ಒಂದೂ ಬಿಡ್ದೆ ನೋಡಿದ್ಲು. ಅವಳು ನೋಡಿ ಮೇಲೆ ಹೋದ್ಮೇಲೆ ಮೂಲೆ ಜಾಕಿ ಸಡಿಲಿಸಿದ್ದು ನಾನು.”

“ಏನಂದೆ ಮಾವ?”

“ನಿಮ್ಮಪ್ಪ ಹೇಳ್ದ, ನಾನು ಮಾಡ್ದೆ. ಮೊದಲಿಂದ್ಲೂ ಹಂಗೇ. ಒಂದು ಸುತ್ತು ಎಲ್ಲರೂ ನೋಡ್ತಾರೆ, ಹಾಕಿ ಅನ್ನೋ ಮುಂಚೆ ಇನ್ನೊಂದು ಸುತ್ತು ಹೋಗೋನೇ ಮುಂದಾಳು ಅಂತಿದ್ದ. ಮೊದಲನೇ ಸುತ್ತು ಆದ್ಮೇಲೆ ಒಂದು ಸಡಿಲಿಸೋದು. ಎರಡನೇ ಸುತ್ತಲ್ಲಿ ಕಂಡುಹಿಡಿದ್ರೆ ಪಾಸು. ಇಲ್ಲಾ ಅಂದ್ರೆ ಕೈ ಎತ್ತಿ ನಿಲ್ಸಿ ಬೈದು ಕಳಿಸೋದು. ನಮ್ಮಿಬ್ಬರಿಗೇ ಗೊತ್ತಿತ್ತು. ಯಾರಿಗೂ ಏನೂ ಆಗ್ತಿರಲಿಲ್ಲ.”

ಮಗ ಪೆಟ್ಟಿಗೆಯ ಹತ್ತಿರ ಬಂದ. “ಮೆಟ್ಟಿಲ ಪಕ್ಕದ್ದು?”

ಬಡಗಿ ಮರಳುಕಾಗದ ಕೆಳಗಿಟ್ಟ. “ಅದೂ ನಾನೇ.”

ಮಗ ಪೆಟ್ಟಿಗೆಯ ಅಂಚು ಹಿಡಿದುಕೊಂಡ. ಅಳು ಬರಲಿಲ್ಲ, ಸಿಟ್ಟು ಬಂತು. ಒಳಗೆ ಹೋಗಿ ಆ ಮುದುಕನನ್ನು ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಬೇಕು ಅನ್ನಿಸಿತು. “ಅಂದ್ರೆ ನಾನು ತಪ್ಪು ಮಾಡಿರಲಿಲ್ಲ.”

“ಎರಡನೇ ಸುತ್ತು ಹೋಗಲಿಲ್ಲ ಅಷ್ಟೆ.”

“ಹೇಳ್ಬಹುದಿತ್ತಲ್ಲ ಮಾವ! ಇಷ್ಟು ವರ್ಷದಲ್ಲಿ ಒಂದು ದಿನ ಬಸ್ ಸ್ಟಾಪಿಗೆ ಬಂದು ಹೇಳ್ಬಹುದಿತ್ತಲ್ಲ ನೀನು!”

“ಬಾಯಿಗೆ ಬಂದಿತ್ತು. ಹೇಳಿದ್ರೆ ಪರೀಕ್ಷೆ ಕೆಡುತ್ತೆ ಅಂತಿದ್ದ ಅವನು. ನಾನೂ ನಂಬಿದ್ದೆ.” ಬಡಗಿ ಮೂಗು ಒರೆಸಿಕೊಂಡ. “ಮೊನ್ನೇದು ಕೇಳು. ಪೂರ್ತಿ ಕೇಳು.”

*

ಮೊನ್ನೆ ಟಾರ್ಚಮ್ಮ ಒಂದು ಸುತ್ತು ಮುಗಿಸಿ ಮೇಲೆ ಬಂದಾಗ ಕಾಂಕ್ರೀಟಿನ ಲಾರಿಗಳು ಸಾಲಾಗಿ ನಿಂತಿದ್ದವು. ಪಂಪಿನವನು ಗಡಿಬಿಡಿ ಮಾಡುತ್ತಿದ್ದ. ಅವಳು ಒಮ್ಮೆ ಮೆಟ್ಟಿಲ ಕಡೆ ನೋಡಿದಳು, ಇಳಿಯಲೋ ಬೇಡವೋ ಎಂಬಂತೆ. ಆಮೇಲೆ ಹಾಕಿ ಎಂದುಬಿಟ್ಟಳು.

ಜಾಕಿ ಸಡಿಲಿಸಿ ಮೇಲೆ ಬಂದಿದ್ದ ಬಡಗಿ ದೊಡ್ಡಮೇಸ್ತ್ರಿಯ ಮುಖ ನೋಡಿದ. ಈಗ ಕೈ ಎತ್ತುತ್ತಾನೆ, ಈಗ ಗುಡುಗುತ್ತಾನೆ ಎಂದು ಕಾದ. ಅವನು ಎತ್ತಲಿಲ್ಲ. ಹುಡುಗಿ ಗಲ್ಲ ನಡುಗಿಸಿಕೊಂಡು ನಗಲು ನೋಡುತ್ತಿದ್ದಳು. ದೊಡ್ಡಮೇಸ್ತ್ರಿ ಅವಳನ್ನೇ ದಿಟ್ಟಿಸಿ, “ಹಾಕ್ಲಿ ಬಿಡು” ಎಂದು ಮೆಲ್ಲಗೆ ಹೇಳಿ, ಸುತ್ತಿಗೆ ಎತ್ತಿಕೊಂಡು ಮೆಟ್ಟಿಲಿಳಿದ.

“ಎಲ್ಲಿಗೋ?” ಎಂದು ಬಡಗಿ ಹಿಂದೆ ಓಡಿದ.

“ನಾನೇ ಬಿಗಿ ಮಾಡಿ ಬರ್ತೀನಿ. ಕಾಂಕ್ರೀಟು ಆ ಮೂಲೆಗೆ ಬರೋಕೆ ಇನ್ನೂ ಹೊತ್ತಿದೆ. ಹುಡುಗಿ ಮುಖ ಬಾಡೋದು ಬೇಡ.” ಎರಡು ಮೆಟ್ಟಿಲು ಇಳಿದು ತಿರುಗಿ ನಿಂತು ಇನ್ನೊಂದು ಮಾತು ಹೇಳಿದ: “ಒಬ್ಬನ್ನ ಕಳ್ಕೊಂಡಿದ್ದು ಸಾಕು.”

ಜಾಕಿ ಓರೆಯಾಗಿತ್ತೇನೋ, ಅದನ್ನು ಪೂರ್ತಿ ತೆಗೆದು ನೆಟ್ಟಗೆ ನಿಲ್ಲಿಸಲು ಹೊರಟಿರಬೇಕು. ಮೇಲೆ ಪಂಪಿನವನು ಲಾರಿಗಳ ಅವಸರಕ್ಕೆ ಪೈಪನ್ನು ಮೊದಲೇ ಆ ಮೂಲೆಗೆ ತಿರುಗಿಸಿದ್ದ. ದೊಡ್ಡಮೇಸ್ತ್ರಿ ಕೆಳಗಿನಿಂದ ನಿಲ್ಲಿಸಿ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಇಡೀ ಸೈಟನ್ನು ನಡುಗಿಸುವ ಗಂಟಲು ಅದು. ಕೂಗಲಿಲ್ಲ.

*

ಮಗ ಒಳಗೆ ಬಂದು ತಾಯಿಗೆ ಹೇಳಿದಾಗ ಅವಳು ಸತ್ತವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಗುಂಡಿ ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

“ಇದನ್ನ ಯಾರಿಗೂ ಹೇಳ್ಬೇಡ,” ಎಂದಳು.

“ಆ ಹುಡುಗಿ ಜೈಲಿಗೆ ಹೋಗ್ತಾಳಮ್ಮ.”

“ಹೋಗ್ಲಿ. ಚಿಕ್ಕವಳು, ಇನ್ನೊಂದು ಬದುಕು ಕಟ್ಕೋತಾಳೆ. ಇವರಿಗೆ ಇನ್ನೊಂದು ಬದುಕಿದೆಯಾ? ತಾನೇ ಜಾಕಿ ಸಡಿಲಿಸಿ ತಾನೇ ಸತ್ತ ಹುಚ್ಚ ಅಂತ ಹೇಳ್ಕೊಂಡು ತಿರುಗ್ತಾರೆ ಜನ.” ಅವಳ ದನಿ ಏರಿತು. “ನಂಗೊತ್ತು ಕಣೋ ನಿನ್ನ ಹೊಟ್ಟೆಕಿಚ್ಚು. ಬೈದ ಅಪ್ಪನ ಮೇಲೆ ಸೇಡು ತೀರಿಸ್ಕೊಳ್ಬೇಕು ನಿಂಗೆ, ಹೆಣದ ಮುಂದೆ!”

ಅದು ಪೂರ್ತಿ ಸುಳ್ಳಾಗಿರಲಿಲ್ಲ. ಬೀದಿಗೆ ಹೋಗಿ ಕೂಗಿ ಹೇಳಬೇಕು, ನಾನು ಕೊಲೆಗಾರನಲ್ಲ ಎಂದು ಸಾರಬೇಕು ಎಂದು ಅವನೊಳಗೆ ಅರ್ಧ ಭಾಗ ಕುದಿಯುತ್ತಲೇ ಇತ್ತು. ಅದನ್ನು ತಾಯಿ ಕಂಡುಬಿಟ್ಟಿದ್ದಳು. ತಾಯಂದಿರಿಗೆ ಇಂಥದೆಲ್ಲ ಬೇಗ ಕಾಣುತ್ತದೆ.

ಬಾಗಿಲಲ್ಲಿದ್ದ ಬಡಗಿ ಒಂದು ಹೆಜ್ಜೆ ಒಳಗಿಟ್ಟ. “ಅಕ್ಕಾ, ಅವನು ಕಡೇಲಿ ಒಂದು ಮಾತು ಅಂದ. ಒಬ್ಬನ್ನ ಕಳ್ಕೊಂಡಿದ್ದು ಸಾಕು ಅಂತ.”

ಗುಂಡಿಯ ಮೇಲಿದ್ದ ಕೈ ಅಲ್ಲೇ ನಿಂತಿತು. “ಯಾರನ್ನ?”

“ಹೆಸರು ಹೇಳ್ಲಿಲ್ಲ. ಹೇಳ್ಬೇಕಾ?”

ತಾಯಿ ಮಗನ ಕಡೆ ತಿರುಗಲಿಲ್ಲ. ಸತ್ತವನ ಮುಖವನ್ನೇ ನೋಡುತ್ತ, “ಒಂದು ಸಲ, ಒಂದೇ ಒಂದು ಸಲ ನನ್ನ ಹತ್ರ ಹೇಳಿದ್ರೆ ಏನಾಗ್ತಿತ್ತು ನಿಮಗೆ?” ಎಂದು ಕೇಳಿದಳು. “ನಾನಾದ್ರೂ ಇವನಿಗೆ ಮುಟ್ಟಿಸ್ತಿದ್ನಲ್ಲ.” ಆಮೇಲೆ ಜೋರಾಗಿ ಅತ್ತಳು. ಮೊನ್ನೆಯಿಂದ ಅತ್ತದ್ದು ಅತ್ತದ್ದೇ ಅಲ್ಲ ಎನ್ನುವ ಹಾಗೆ ಅತ್ತಳು.

ಸದ್ದು ಕೇಳಿ ಮ್ಯಾನೇಜರು ಇಣುಕಿದ. ಮಗ ಎರಡೇ ಮಾತಿನಲ್ಲಿ ವಿಷಯ ತಿಳಿಸಿ, ಮಣ್ಣು ಮುಗಿಸಿ ನೇರ ಸೈಟಿಗೆ ಹೋಗಿ ಇನ್ಸ್‌ಪೆಕ್ಟರಿಗೆ ಇದನ್ನೇ ಹೇಳುವುದಾಗಿ ಹೇಳಿದ. ಮ್ಯಾನೇಜರನ ಮುಖದ ಬೆಣ್ಣೆ ಕರಗಿತು.

“ಯೋಚನೆ ಮಾಡಿ. ಆಮೇಲೆ ಟ್ರೇನಿಂಗ್ ಹಾಲೂ ಇಲ್ಲ, ಹೆಸರೂ ಇಲ್ಲ. ಕಂಪನಿ ಮಾನ, ಇವರ ಮಾನ ಎರಡೂ ಬೀದಿಪಾಲು. ಬಡಗೀ, ಮೊದಲು ಒಳಗೆ ಹೋಗೋನು ನೀನೇ.”

“ಹೋಗ್ತೀನಿ ಸ್ವಾಮಿ,” ಎಂದ ಬಡಗಿ. “ಸಡಿಲಿಸಿದ್ದು ಈ ಕೈ ತಾನೆ.”

ಮ್ಯಾನೇಜರು ತಾಯಿಯತ್ತ ತಿರುಗಿದ. ಅವಳು ಕೊನೆಯ ಗುಂಡಿ ಹಾಕಿ ಮುಗಿಸಿ, ಕಾಲರು ನೇರ ಮಾಡಿ, “ಆ ಮಗು ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದೆ. ಯಾರಾದ್ರೂ ನೀರು ಕೊಡಿ” ಎಂದಳು.

ಮಗ ಚೊಂಬು ಹಿಡಿದು ಗೇಟಿಗೆ ಹೋದ. ಹುಡುಗಿ ಅವನನ್ನು ನೋಡಿ ಹೊಡೆತ ತಡೆಯುವವಳಂತೆ ಮುಖ ತಗ್ಗಿಸಿದಳು. ಅವನು ಎಲ್ಲ ಹೇಳಿದ. ಪರೀಕ್ಷೆ, ಬಡಗಿ, ಮೂಲೆಯ ಜಾಕಿ, ಮೆಟ್ಟಿಲ ಪಕ್ಕದ ತನ್ನ ಜಾಕಿ. ಕಡೆಗೆ, ಯಾರಾದರೂ ತನಗೆ ಹೇಳಲಿ ಎಂದು ತಾನು ಇಷ್ಟು ವರ್ಷ ಕಾದಿದ್ದ ಮಾತನ್ನು ಅವಳಿಗೆ ಕೊಟ್ಟ: “ತಪ್ಪು ನಿಂದಲ್ಲಮ್ಮ.”

ಅವಳು ಚೊಂಬಿನ ನೀರನ್ನೇ ನೋಡುತ್ತಿದ್ದಳು.

“ಮೂಲೆದು ನಾನು ನೋಡಿದಾಗ ಗಟ್ಟಿಯಾಗಿತ್ತಣ್ಣ,” ಎಂದಳು.

“ಹೌದು. ಗಟ್ಟಿಯಾಗೇ ಇತ್ತು. ಅದನ್ನೇ ಹೇಳ್ತಿರೋದು.”

“ಹಂಗಾದ್ರೆ ಎರಡನೇ ಸಲ ಹೋಗಿದ್ರೆ ಸಿಕ್ತಿತ್ತು.”

“ಅದು ಪರೀಕ್ಷೆ ಕಣಮ್ಮ, ಮೋಸದ ಪರೀಕ್ಷೆ.”

“ಹೋಗ್ಬೇಕು ಅನ್ನಿಸ್ತು ಅಣ್ಣ. ಮೆಟ್ಟಿಲ ಹತ್ರ ಹೋದೆ ಕೂಡ. ಲಾರಿಯವರು ಹಾರ್ನ್ ಹೊಡೀತಿದ್ರು. ನಾಚಿಕೆ ಆಯ್ತು, ಟಾರ್ಚಮ್ಮ ಮತ್ತೆ ಹೊರಟ್ಲು ಅಂತ ನಗ್ತಾರೆ ಅಂತ.” ಅವಳು ತಲೆ ಎತ್ತಿದಳು. “ನಾಚಿಕೆಗೆ ಅವರನ್ನ ಕೊಂದೆ.”

ಅವನು ಚೊಂಬನ್ನು ಇನ್ನಷ್ಟು ಮುಂದೆ ಚಾಚಿದ. ನೀರು ಕುಡಿ ಎಂದ. ಅವಳು ಕುಡಿಯಲಿಲ್ಲ.

ಸ್ಮಶಾನದಲ್ಲಿ ಗುಂಡಿ ತೋಡಿದವರು ಆಳವಾಗಿಯೇ ತೋಡಿದ್ದರು. ಮಣ್ಣು ಹುಡಿಹುಡಿ. ಹೊತ್ತವರು ನಿಂತು ಪೆಟ್ಟಿಗೆ ಇಳಿಸಲೆಂದು ಗುಂಡಿಯ ಎರಡೂ ಅಂಚಿಗೆ ಹಲಗೆ ಹಾಸಿದ್ದರು. ಮುಂದಿನ ಮೂಲೆಗೆ ಮಗ ಹೆಗಲು ಕೊಟ್ಟಿದ್ದ, ಎದುರಿಗೆ ಬಡಗಿ, ಹಿಂದೆ ದೊಡ್ಡಮೇಸ್ತ್ರಿಯಿಂದ ಬೈಸಿಕೊಂಡು ದೊಡ್ಡವರಾದ ನಾಲ್ವರು. ಅಂಗಿ ಹಾಳಾಗುವುದೆಂದು ಅವರಲ್ಲಿ ಯಾರೂ ನೋಡಲಿಲ್ಲ.

ಹಲಗೆಗೆ ಇನ್ನು ಕಾಲಿಡಬೇಕು ಎನ್ನುವಾಗ, “ನಿಲ್ಲಿ!” ಎಂದು ಯಾರೋ ಕೂಗಿದರು.

ಹುಡುಗಿ ಜನರನ್ನು ನೂಕಿಕೊಂಡು ಬಂದು ಅಂಚಿನಲ್ಲಿ ಮಂಡಿಯೂರಿದಳು. ಮೊದಲನೆಯ ಹಲಗೆಯ ಮೇಲೆ ಎರಡೂ ಕೈ ಊರಿ ಒತ್ತಿದಳು. ಅಲ್ಲಾಡಿಸಿದಳು. ಅಡಿಯ ಮಣ್ಣನ್ನು ಬೆರಳು ಹಾಕಿ ನೋಡಿದಳು. ಎರಡನೆಯದಕ್ಕೆ ಹೋದಳು. ಗುಂಡಿ ಸುತ್ತಿ ಆಚೆ ಬದಿಗೆ ಹೋಗಿ ಅಲ್ಲಿಯದನ್ನೂ ನೋಡಿದಳು. ಒಂದೂ ಮಿಸುಕಲಿಲ್ಲ.

“ಇದೇನು ನಾಟಕ, ಹೊತ್ತಾಗ್ತಿದೆ,” ಎಂದ ಮ್ಯಾನೇಜರು.

“ಸುಮ್ನಿರಿ,” ಎಂದಳು ತಾಯಿ. “ಅವಳು ನೋಡ್ಲಿ.”

ಹುಡುಗಿ ಎದ್ದು ನಿಂತಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಬನ್ನಿ ಎನ್ನಲು ತುಟಿ ತೆರೆದಳು, ದನಿ ಹೊರಡಲಿಲ್ಲ. ಮತ್ತೆ ಮಂಡಿಯೂರಿ ಮೊದಲನೆಯ ಹಲಗೆಯಿಂದ ಶುರುಮಾಡಿದಳು.

ಎರಡನೆಯ ಸುತ್ತೂ ಮುಗಿಯಿತು. ಅವಳು ಮತ್ತೆ ಎದ್ದಳು. ಬಾಯಿ ತೆರೆದಳು, ಮುಚ್ಚಿದಳು. ಹಿಂದಿನವರಲ್ಲಿ ಒಬ್ಬ ಏದುಸಿರು ಬಿಡುತ್ತಿದ್ದ. ಬಡಗಿಯ ಮೊಣಕಾಲು ನಡುಗುವುದು ಮಗನಿಗೆ ಪೆಟ್ಟಿಗೆಯ ಮರದಲ್ಲೇ ತಿಳಿಯುತ್ತಿತ್ತು. ಅವನ ಹೆಗಲು ಕೆಂಡದಂತೆ ಉರಿಯುತ್ತಿತ್ತು.

“ನಿಧಾನಕ್ಕೆ ನೋಡಮ್ಮ,” ಎಂದ. “ನಾವು ಹಿಡ್ಕೊಂಡಿರ್ತೀವಿ.”

ಅವಳು ತಲೆಯಾಡಿಸಿದಳು. ಉಗುರಿನ ತುಂಬ ಮಣ್ಣು ಮೆತ್ತಿದ ಕೈಗಳನ್ನು ಸೀರೆಗೆ ಒರೆಸಿಕೊಂಡು, ಮೊದಲನೆಯ ಹಲಗೆಯ ಮುಂದೆ ಮೂರನೆಯ ಸಲ ಮಂಡಿಯೂರಿದಳು.